ಬೀಗದ ಕೈ ನನ್ನ ಜೇಬಿನಲ್ಲಿತ್ತು

ನಜರ್‌ಬಾದಿನ ಹಾಲಿನವರ ಕೊಟ್ಟಿಗೆಗಳನ್ನು ಊರಾಚೆಗೆ ಸಾಗಿಸಬೇಕೆಂಬ ಮಾತು ಮುನಿಸಿಪಾಲಿಟಿಯಲ್ಲಿ ಎದ್ದಾಗ ನಾನು ಶಾಸನಸಭೆಗೆ ಆರಿಸಿ ಬಂದು ಎರಡು ವರ್ಷವಾಗಿತ್ತು. ಶಾಸಕನಾದ ಮೇಲೂ ಮುನಿಸಿಪಾಲಿಟಿಯ ಸದಸ್ಯತ್ವ ಬಿಟ್ಟಿರಲಿಲ್ಲ. ವೃತ್ತಿಯಿಂದ ವಕೀಲ. ನಮ್ಮ ತಂದೆ ಅರಮನೆ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು, ಅವರ ತಂದೆಯೂ ಅಲ್ಲೇ. ಅಂಥ ಮನೆಯಲ್ಲಿ ಬೆಳೆದವನಿಗೆ ಹಳೆಯದರ ಮೇಲೆ ಗೌರವ ತಾನಾಗಿ ಬಂದಿರುತ್ತದೆ. ಬೆಂಗಳೂರಿನ ಸಭೆಯಲ್ಲಿ ಎದ್ದು ನಿಂತಾಗಲೆಲ್ಲ ನಾನು ಹೇಳುತ್ತಿದ್ದದ್ದು ಒಂದೇ ಮಾತು: ಏನನ್ನಾದರೂ ಕೀಳುವ ಮೊದಲು, ಅದನ್ನು ನೆಟ್ಟವರು ಯಾಕೆ ನೆಟ್ಟರು ಎಂದು ಕೇಳಿ. ಹೊಸಬರು ನಗುತ್ತಿದ್ದರು. ಬೆನ್ನ ಹಿಂದೆ ನನ್ನನ್ನು ‘ಹಳೇ ಪೇಟ’ ಎನ್ನುತ್ತಿದ್ದರಂತೆ. ಬೇಸರವಾಗಲಿಲ್ಲ. ನಾನು ದಿನವೂ ಪೇಟ ಸುತ್ತುತ್ತಿದ್ದವನೇ.

ಕೊಟ್ಟಿಗೆಗಳ ಪ್ರಸ್ತಾಪ ತಂದವರು ಮುನಿಸಿಪಾಲಿಟಿಯ ಅಧ್ಯಕ್ಷರು. ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದ ಮೇಷ್ಟ್ರು ಅವರು. ನಿವೃತ್ತರಾದ ಮೇಲೆ ಊರಿನವರ ಒತ್ತಾಯಕ್ಕೆ ಚುನಾವಣೆಗೆ ನಿಂತು ಗೆದ್ದಿದ್ದರು. ಕೊಟ್ಟಿಗೆಯ ಗಂಜಲ ಚರಂಡಿಗೆ ಇಳಿದು ಕೇರಿಯ ಮಕ್ಕಳಿಗೆ ಭೇದಿಯಾಗುತ್ತಿದೆ, ಕೆಸರೆಯ ಆಚೆ ಬಯಲಿದೆ, ಅಲ್ಲಿಗೆ ಹೋಗಲಿ ಎಂಬುದು ಅವರ ವಾದ. ಒಂದು ಭಾನುವಾರ ಅವರ ಮನೆಗೇ ಹೋಗಿ ಮಾತಾಡಿದೆ.

“ಸಾರ್, ಮೂರು ತಲೆಮಾರಿನಿಂದ ಅಲ್ಲಿರೋರು. ಬೆಳಗಿನ ಜಾವ ಆ ಹೆಂಗಸರು ಕೆಸರೆಯಿಂದ ಹಾಲು ಹೊತ್ತು ಬರಬೇಕಾಗುತ್ತೆ” ಎಂದೆ.

“ಹೊತ್ತು ಬರೋ ಕಷ್ಟ ನನಗೂ ಗೊತ್ತು ಕಣಯ್ಯ. ಭೇದಿ ಹತ್ತಿದ ಮಗುವಿನ ತಾಯಿ ಕಷ್ಟ ನಿನಗೆ ಗೊತ್ತೇನು?” ಎಂದರು.

ಕಾಫಿ ಕುಡಿದು ಎದ್ದು ಬಂದೆ. ಹಾಲಿನವರ ಕೇರಿಗೆ ಹೋಗಿ, ನಾನಿರುವ ತನಕ ಕೊಟ್ಟಿಗೆ ಅಲುಗಾಡುವುದಿಲ್ಲ ಎಂದು ಮಾತು ಕೊಟ್ಟೆ.

ಆ ಮಾತಿನ ಹಿಂದೆಯೇ ನಮ್ಮ ಪಕ್ಷದ ಜಿಲ್ಲಾ ಮುಖಂಡರು ಮನೆಗೆ ಬಂದರು. ಮೇಷ್ಟ್ರ ಮೇಲೆ ಅವಿಶ್ವಾಸ ಗೊತ್ತುವಳಿ ತರುತ್ತಿದ್ದೇವೆ, ನಿಮ್ಮ ರುಜುವೇ ಮೊದಲಿರಲಿ ಎಂದರು. ಮೇಷ್ಟ್ರು ಪಕ್ಷದವರಲ್ಲ, ಯಾರ ಮಾತೂ ಕೇಳುವವರಲ್ಲ. ದಸರಾ ಹೊತ್ತಿಗೆ ಆ ಕುರ್ಚಿಯಲ್ಲಿ ತಮ್ಮವನೊಬ್ಬ ಕೂತಿರಬೇಕು ಎಂಬುದು ಮುಖಂಡರ ಆಸೆ ಎಂದು ನನಗೆ ಗೊತ್ತಿತ್ತು. ಆದರೂ ಕೊಟ್ಟಿಗೆ ಉಳಿಯುತ್ತದಲ್ಲ ಎಂದು ರುಜು ಹಾಕಿದೆ. ಸಭೆಯಲ್ಲಿ ಚರ್ಚೆಯಾಗುತ್ತದೆ, ಮೇಷ್ಟ್ರು ಉತ್ತರ ಕೊಡುತ್ತಾರೆ, ಎಲ್ಲ ಮರ್ಯಾದೆಯಾಗಿ ಮುಗಿಯುತ್ತದೆ ಅಂದುಕೊಂಡಿದ್ದೆ.

ಗೊತ್ತುವಳಿ ಗೆಲ್ಲಲು ಹದಿಮೂರು ಜನ ಬೇಕಿತ್ತು. ನಾವಿದ್ದದ್ದು ಸರಿಯಾಗಿ ಹದಿಮೂರು. ಸಭೆಗೆ ಮೂರು ದಿನವಿದೆ ಎನ್ನುವಾಗ ಮುಖಂಡರು ನಮ್ಮೆಲ್ಲರನ್ನೂ ಕಾರುಗಳಲ್ಲಿ ಕೂರಿಸಿ, ಬೆಟ್ಟದ ಬುಡದ ಕಡೆ ಇದ್ದ ಮರದ ವ್ಯಾಪಾರಿಯೊಬ್ಬರ ಖಾಲಿ ಬಂಗಲೆಗೆ ಕರೆತಂದರು. ಮತದಾನದ ತನಕ ಯಾರೂ ಹೊರಗೆ ಹೋಗುವಂತಿಲ್ಲ. ಮೇಷ್ಟ್ರ ಕಡೆಯವರು ಬಂದು ಯಾರ ಮನಸ್ಸನ್ನೂ ತಿರುಗಿಸಬಾರದು, ಅದಕ್ಕೆ ಈ ಏರ್ಪಾಡು. ಗೇಟಿನ ಬೀಗದ ಕೈಯನ್ನು ಮುಖಂಡರು ನನ್ನ ಕೈಗೆ ಕೊಟ್ಟರು.

“ನೀವಿದ್ರೆ ಇದು ಬಂದೀಖಾನೆ ಅನ್ನಿಸಲ್ಲ. ನಿಮ್ಮ ಮಾತು ಯಾರೂ ಮೀರಲ್ಲ” ಎಂದರು.

ಆ ಮಾತು ನನಗೆ ಹಿತವಾಗಿಯೇ ಕೇಳಿಸಿತು. ಅದನ್ನು ಮುಚ್ಚಿಡುವುದಿಲ್ಲ.

ಮೊದಲ ದಿನ ಇಸ್ಪೀಟು, ಹರಟೆ, ಒಳ್ಳೆಯ ಊಟ. ಎರಡನೆಯ ದಿನಕ್ಕೆ ಎಲ್ಲರ ಮುಖವೂ ಸಪ್ಪಗಾಯಿತು. ಒಬ್ಬರು ಇನ್ನೊಬ್ಬರನ್ನು ಅನುಮಾನದಿಂದ ನೋಡತೊಡಗಿದರು. ಯಾರಾದರೂ ಕಾಂಪೌಂಡಿನ ಹತ್ತಿರ ಸುಮ್ಮನೆ ನಿಂತರೂ ಮೂವರು ಬಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದರು. ಬೆಳಿಗ್ಗೆ ಗೇಟಿನ ಸಂದಿಯಲ್ಲಿ ಹಾಲು ಕೊಡುತ್ತಿದ್ದ ಮುದುಕಿ, “ಇಷ್ಟೊಂದು ಹಾಲಾ? ಒಳಗೆ ಯಾರ್ದು ಮದ್ವೆ ಸ್ವಾಮಿ?” ಎಂದು ಕೇಳಿದಳು. ಅವಳೂ ಆ ಕೊಟ್ಟಿಗೆಗಳವಳೇ. ಹಾಲಿನ ಪಾತ್ರೆ ತೆಗೆದುಕೊಂಡು ಒಳಗೆ ಬಂದೆ.

ಅಂದೇ ಮಧ್ಯಾಹ್ನ ಎಲೆಯಡಿಕೆ ಹಾಕಿಕೊಳ್ಳುತ್ತ ಮುಖಂಡರನ್ನು ಕೇಳಿದೆ: ಹೊಸ ಅಧ್ಯಕ್ಷರು ಬಂದ ಕೂಡಲೇ ಕೊಟ್ಟಿಗೆಯ ಪ್ರಸ್ತಾಪ ರದ್ದು ಮಾಡುತ್ತಾರಷ್ಟೆ?

ಅವರು ಸುಣ್ಣ ಸವರಿದ ಎಲೆಯನ್ನು ಮಡಚುತ್ತ, “ಅದು ಆಮೇಲೆ ನೋಡೋಣ ಬಿಡಿ. ಆ ಜಾಗಕ್ಕೆ ಒಂದು ಟಾಕೀಸು ಬಂದ್ರೆ ಊರಿಗೇ ಕಳೆ ಅಲ್ವೆ? ಮಾತುಕತೆ ನಡೀತಿದೆ” ಎಂದರು.

ಯಾರು ಕುರ್ಚಿಯಲ್ಲಿ ಕೂತರೂ ಕೊಟ್ಟಿಗೆ ಹೋಗುವುದು ಹೋಗುವುದೇ. ಮೇಷ್ಟ್ರು ಮಕ್ಕಳಿಗಾಗಿ ಕೀಳುತ್ತಿದ್ದರು, ಇವರು ಟಾಕೀಸಿಗಾಗಿ. ನನ್ನ ರುಜು ಕಾಗದದ ಮೇಲೆ ಮೊದಲಿಗಿತ್ತು. ಹಿಂದಕ್ಕೆ ತೆಗೆದುಕೊಂಡರೆ ಉಳಿದ ಹನ್ನೆರಡು ಜನರನ್ನು ನಡುನೀರಿನಲ್ಲಿ ಕೈಬಿಟ್ಟಂತೆ. ಕೊಟ್ಟ ಮಾತಿಗೆ ತಪ್ಪಬಾರದು ಎಂದು ಜನ್ಮವಿಡೀ ಹೇಳಿಕೊಂಡು ಬಂದವನು ಎರಡು ಕಡೆ ಎರಡು ಮಾತು ಕೊಟ್ಟು ಕೂತಿದ್ದೆ.

ಮತದಾನದ ದಿನ ಮಹಾಲಯ ಅಮಾವಾಸ್ಯೆ. ಹಿಂದಿನ ಸಂಜೆಯೇ ಸೋಡಾ ಗೌಡರು ನನ್ನ ಬಳಿ ಬಂದರು. ಕೆಸರೆಯಲ್ಲಿ ಸೋಡಾ ತಯಾರಿಸಿ ಅಂಗಡಿಗಳಿಗೆ ಹಾಕುತ್ತಿದ್ದ ಸದಸ್ಯ ಅವರು. ಅವರ ತಂದೆ ಬೇಸಾಯ ಬಿಟ್ಟು ಊರಿಗೆ ಬಂದವರು.

“ಸ್ವಾಮಿ, ನಾಳೆ ಮಾಲಯ ಅಮಾಸೆ. ನಮ್ಮಪ್ಪ ತೀರೋದ್ಮೇಲೆ ಇದೇ ಮೊದಲ್ನೇ ಎಡೆ. ಇರೀಮಗ ನಾನು. ಮದ್ಯಾನ ಎಡೆ ಇಟ್ಟು ಎರಡು ಗಂಟೆಗೆಲ್ಲ ಬಂದ್ಬುಡ್ತೀನಿ” ಎಂದರು.

ಮುಖಂಡರನ್ನು ಕೇಳಿದೆ. ಅವರು ಬೇಡ ಎನ್ನಲಿಲ್ಲ. “ಬೀಗದ ಕೈ ನಿಮ್ಮ ಹತ್ರಾನೇ ಇದೆ. ಒಬ್ಬ ಬರದೇ ಹೋದ್ರೆ ನಾವು ಹನ್ನೆರಡು. ನೀವೇ ಯೋಚನೆ ಮಾಡಿ” ಎಂದು ಎದ್ದು ಹೋದರು.

ಗೌಡರ ಹತ್ತಿರ ಬಂದು, ಇಲ್ಲೇ ಎಡೆ ಇಡೋಣ, ಅಡಿಗೆಯವನಿಗೆ ಪಾಯಸ ಮಾಡಲು ಹೇಳುತ್ತೇನೆ ಎಂದೆ.

“ನಮ್ಮಪ್ಪಂಗೆ ಬಾಡಿಲ್ದೆ ಎಡೆಯಾ ಸ್ವಾಮಿ?” ಎಂದು ಒಂದು ಕ್ಷಣ ನಕ್ಕರು. ಆಮೇಲೆ ಮೆಲ್ಲಗೆ, “ಅವರು ಈ ಬಂಗಲೆ ಕಂಡೋರಲ್ಲ. ಅವರು ಬರೋದು ನಮ್ಮನೇಗೆ” ಎಂದರು.

“ನಾಳೆ ಸಂಜೆ ಮುಗಿದ ಕೂಡಲೇ ಹೋಗಿ ಗೌಡ್ರೆ.”

“ಇರೀಕರ ದಾರಿ ಬಿಡಬಾರ್ದು ಅಂತ ಭಾಷಣದಾಗೆ ಯೋಳ್ತಿದ್ರಲ್ಲ. ಅದು ಕೇಳೇ ನಾನು ನಿಮ್ಮ ಹಿಂದೆ ಬಂದದ್ದು.”

ನಾನು ಬೀಗದ ಕೈಯನ್ನು ಜೇಬಿನಿಂದ ತೆಗೆಯಲಿಲ್ಲ. ಅವರು ಮತ್ತೆ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ನನ್ನ ಹೆಂಡತಿ ಎಳ್ಳು, ದರ್ಭೆ, ಪಂಚಪಾತ್ರೆಯ ಜೊತೆಗೆ ಪುರೋಹಿತರನ್ನು ಕಳಿಸಿದ್ದಳು. ಗೇಟಿನ ಬೀಗ ತೆಗೆದು ಅವರನ್ನು ಒಳಗೆ ಬಿಟ್ಟುಕೊಂಡೆ. ಮತ್ತೆ ಬೀಗ ಹಾಕಿದೆ. ಹಿತ್ತಿಲ ಬಾವಿಯಲ್ಲಿ ನೀರು ಸೇದಿ ಸ್ನಾನ ಮಾಡಿ ತರ್ಪಣಕ್ಕೆ ಕೂತೆ. ತಂದೆಯ ಹೆಸರು, ಅಜ್ಜನ ಹೆಸರು ಹೇಳಿ ಹೆಬ್ಬೆರಳ ಪಕ್ಕದಿಂದ ಎಳ್ಳುನೀರು ಬಿಡುತ್ತಿದ್ದಾಗ ಕಣ್ಣೆತ್ತಿ ನೋಡಿದೆ. ಹಿಂಬಾಗಿಲ ಮೆಟ್ಟಿಲ ಮೇಲೆ ಗೌಡರು ಕೂತಿದ್ದರು. ನನ್ನನ್ನು ನೋಡುತ್ತಿರಲಿಲ್ಲ. ಕೆಳಗೆ ಹರಿಯುತ್ತಿದ್ದ ನೀರನ್ನು ನೋಡುತ್ತಿದ್ದರು. ಮಂತ್ರ ತಪ್ಪಿತು. ಪುರೋಹಿತರು ಮತ್ತೊಮ್ಮೆ ಹೇಳಿಸಿದರು. ಕಳಚಿಟ್ಟ ಕೋಟು ಬಾವಿಕಟ್ಟೆಯ ಮೇಲಿತ್ತು, ಅದರ ಜೇಬಿನಲ್ಲಿ ಬೀಗದ ಕೈ. ಎದ್ದು ಕೊಟ್ಟುಬಿಡಬೇಕು ಎಂದು ಎಷ್ಟು ಸಲ ಅಂದುಕೊಂಡೆನೋ. ಕರ್ಮ ಮುಗಿಯಲಿ ಎಂದುಕೊಂಡೆ. ಮುಗಿಯಿತು. ಒಣಬಟ್ಟೆ ಉಡೋಣ ಎಂದುಕೊಂಡೆ. ಉಟ್ಟೆ. ಅಷ್ಟರಲ್ಲಿ ಊಟಕ್ಕೆ ಎಲೆ ಹಾಕಿದರು. ಗೌಡರು ಎಲೆಯ ಮುಂದೆ ಕೂರಲಿಲ್ಲ.

ಸಂಜೆ ನಾಲ್ಕಕ್ಕೆ ಸಭೆ. ಉಪಾಧ್ಯಕ್ಷರು ನಡೆಸಿದರು. ಚರ್ಚೆ ಕಾಲು ಗಂಟೆಯೂ ನಡೆಯಲಿಲ್ಲ. ಕೈ ಎತ್ತಿ ಎಂದಾಗ ಹದಿಮೂರು ಕೈ ಎದ್ದವು. ಗೌಡರದೂ ಎದ್ದಿತು. ಮೇಷ್ಟ್ರು ತಮ್ಮ ಕನ್ನಡಕ ಒರೆಸಿ ಹಾಕಿಕೊಂಡು, ಎಲ್ಲರಿಗೂ ಕೈಮುಗಿದು ಇಳಿದು ಬಂದರು. ನನ್ನ ಹತ್ತಿರ ನಿಂತು, “ಈ ಗಲಾಟೇಲಿ ತರ್ಪಣ ಬಿಟ್ಟುಬಿಟ್ಟೆಯೇನಯ್ಯ?” ಎಂದು ಕೇಳಿದರು. ವ್ಯಂಗ್ಯವಿರಲಿಲ್ಲ, ಶಿಷ್ಯನನ್ನು ವಿಚಾರಿಸುವ ದನಿ ಅಷ್ಟೆ.

“ಇಲ್ಲ ಸಾರ್, ಆಯ್ತು” ಎಂದೆ.

“ಒಳ್ಳೇದು” ಎಂದು ಹೋದರು. ಪಕ್ಕದಲ್ಲೇ ಇದ್ದ ಗೌಡರು ಯಾರ ಕಾರಿಗೂ ಕಾಯದೆ ಒಂದು ಜಟಕಾ ಹಿಡಿದು ಕೆಸರೆಗೆ ಹೊರಟರು.

ದಸರಾ ಮುಗಿದ ಮೇಲೆ ನಾನು ಅವರ ಮನೆಗೆ ಹೋದೆ. ಅವರು ಸೋಡಾ ಹಾಕಲು ಹೊರಗೆ ಹೋಗಿದ್ದರು. ತಾಯಿ ಚಾಪೆ ಹಾಸಿ ಕೂರಿಸಿದರು. ಕ್ಷಮೆ ಕೇಳಬೇಕೆಂದು ಬಂದಿದ್ದೆ. ಆ ತಾಯಿಯೇ, “ಅಡುಗೆ ಆರೋಗಿತ್ತು. ಮುಸ್ಸಂಜೇಲಿ ಬಂದು ಎಡೆ ಇಟ್ಟ. ಅವರಪ್ಪ ಊಟಕ್ಕೆ ಎಂದೂ ಅವಸರ ಮಾಡ್ತಿರಲಿಲ್ಲ ಬುಡಿ” ಎಂದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಆರು ತಿಂಗಳಲ್ಲಿ ಕೊಟ್ಟಿಗೆಯ ಗೊತ್ತುವಳಿ ಮತ್ತೆ ಬಂತು, ಹೊಸ ಅಧ್ಯಕ್ಷರ ಕಡೆಯಿಂದ. ಎಲ್ಲರೂ ಪರವಾಗಿ ಮತ ಹಾಕಬೇಕೆಂದು ಪಕ್ಷದ ಅಪ್ಪಣೆ. ನಾನು ಎದ್ದು ವಿರೋಧವಾಗಿ ಅರ್ಧ ಗಂಟೆ ಮಾತಾಡಿದೆ. ಮತದ ಹೊತ್ತಿಗೆ ವರಾಂಡಕ್ಕೆ ಬಂದು ನಿಂತೆ. ಬೇಡ ಎಂದು ಕೈ ಎತ್ತಿದರೆ ಪಕ್ಷ ಬಿಡಬೇಕು. ಬಿಟ್ಟರೆ, ಬೆಂಗಳೂರಿನ ಸಭೆಯಲ್ಲಿ ನಮ್ಮಂಥವರ ಪರವಾಗಿ ಮಾತಾಡಲು ಯಾರಿದ್ದಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಒಳಗಿನಿಂದ ಎಣಿಸುವ ದನಿ ಕೇಳಿಸುತ್ತಿತ್ತು. ಸೋಡಾ ಗೌಡರೊಬ್ಬರೇ ಬೇಡ ಎಂದು ಕೈ ಎತ್ತಿದರಂತೆ. ಪಕ್ಷ ಅವರನ್ನು ಹೊರಹಾಕಿತು. ಅವರು ಮತ್ತೆ ಚುನಾವಣೆಗೆ ನಿಲ್ಲಲಿಲ್ಲ.

ನಾನು ನಿಂತೆ, ಗೆದ್ದೆ. ಗೆದ್ದ ಸಂಜೆ ಮೆರವಣಿಗೆ ಕೆಸರೆಯ ರಸ್ತೆಗೆ ಬಂದಾಗ ಗೌಡರು ಅಂಗಡಿಯ ಮುಂದೆ ಸೋಡಾ ಬಾಟಲಿಗಳನ್ನು ತೊಳೆಯುತ್ತಿದ್ದರು. ಜನ ಅಲ್ಲಿ ಕಾರು ನಿಲ್ಲಿಸಿ ಹಾರ ಹಾಕಿಸಬೇಕೆಂದರು. ಅವರು ಕೈ ಒರೆಸಿಕೊಂಡು ಬಂದು ಹಾರ ಹಾಕಿದರು, “ಒಳ್ಳೇದಾಗ್ಲಿ ಸ್ವಾಮಿ” ಎಂದರು, ತಿರುಗಿ ಹೋಗಿ ಬಾಟಲಿ ತೊಳೆಯತೊಡಗಿದರು. ಕಾರು ಮುಂದೆ ಹೊರಟಿತು. ಇಳಿಯಲು ಜಾಗವಿರಲಿಲ್ಲ, ಎರಡೂ ಕಡೆ ಜನ ಒತ್ತಿಕೊಂಡು ನಿಂತಿದ್ದರು.