ಗಂಗಣ್ಣನ ಜೈಲು

ಕೃಷ್ಣ ಹುಟ್ಟಿದ್ದು ಸೆರೆಮನೆಯಲ್ಲಿ, ಕಳ್ಳ ಹೋಗುವುದು ಜೈಲಿಗೆ. ದೊಡ್ಡಬೆಳವಂಗಲದ ಕಡೆ ನಮಗೆ ಗೊತ್ತಿದ್ದ ವ್ಯತ್ಯಾಸ ಇಷ್ಟೇ. ನಲವತ್ತೆರಡರ ಚಳವಳಿಯಲ್ಲಿ ಒಳಗೆ ಹೋದವರು ತಿರುಗಿ ಬಂದಾಗ ‘ಸೆರೆವಾಸ’ ಎಂಬ ಮಾತೂ ಅವರ ಜೊತೆ ಊರಿಗೆ ಬಂತು. ಅದನ್ನು ಹೇಳುವಾಗ ಜನ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು.

ನಮ್ಮ ಗಂಗಣ್ಣನೂ ಅವತ್ತೇ ಬಿಡುಗಡೆಯಾಗಿ ಅವರು ಬಂದ ರೈಲಿನಲ್ಲೇ ಬಂದ. ಅವನು ಒಳಗೆ ಹೋದದ್ದು ದೇಶಕ್ಕಾಗಿ ಅಲ್ಲ, ಬದುವಿನ ಜಗಳದಲ್ಲಿ ತಮ್ಮ ಪಿಳ್ಳಪ್ಪನ ತಲೆಗೆ ಗುದ್ದಲಿಯ ಕಾವಿನಿಂದ ಬಾರಿಸಿದ್ದಕ್ಕೆ. ದೊಡ್ಡಬಳ್ಳಾಪುರದ ಸ್ಟೇಷನ್ನಿನಲ್ಲಿ ಜನ ಇಳಿದವರಿಗೆಲ್ಲ ಹಾರ ಹಾಕಿದರು. ಬೇಡವೆಂದರೂ ಇವನಿಗೂ ಒಂದು ಬಿತ್ತು. ಊರಿನವರಿಗೆ ನಿಜ ಗೊತ್ತು, ಪರವೂರಿನವರಿಗೆ ಹಾರ ಗೊತ್ತು. ಪಿಳ್ಳಪ್ಪ ಪಕ್ಕದ ಮನೆಯಲ್ಲೇ ಇದ್ದೂ ಮಾತು ಬಿಟ್ಟ.

ನಲವತ್ತೆಂಟರಲ್ಲಿ ಗಂಗಣ್ಣನ ಮಗಳಿಗೆ ನಮ್ಮ ತಾಲ್ಲೂಕಿನದೇ ಆದ ಮಧುರೆಯಿಂದ ಸಂಬಂಧ ಬಂತು. ತಾಂಬೂಲ ಬದಲಾಗುವವರೆಗೆ ಬಾಯಿ ಬಿಡಬೇಡ ಎಂದು ಹೆಂಡತಿ ಮುನಿಲಕ್ಷ್ಮಮ್ಮ ಬೆಳಗಿನಿಂದ ಬೇಡಿಕೊಂಡಿದ್ದಳು. ಗಂಡಿನ ತಂದೆ ಅಪ್ಪಯ್ಯಣ್ಣ ಜಗುಲಿಯಲ್ಲಿ ಕೂತು, ಸೆರೆವಾಸ ಅನುಭವಿಸಿದವರ ಮನೆಯ ಹೆಣ್ಣು ತರುವುದು ನಮ್ಮ ಪುಣ್ಯ ಎಂದ. ಗಂಗಣ್ಣನಿಗೆ ತಡೆಯಲಾಗಲಿಲ್ಲ.

“ಯಜಮಾನ್ರೇ, ನಂದು ಸೆರೆವಾಸ ಅಲ್ಲ, ಜೈಲು. ತಮ್ಮನ ತಲೆ ಒಡ್ದು ಹೋಗಿದ್ದೆ.”

ಬಾಗಿಲ ಹಿಂದೆ ಮುನಿಲಕ್ಷ್ಮಮ್ಮ ತಲೆ ಚಚ್ಚಿಕೊಂಡಳು. ಅಪ್ಪಯ್ಯಣ್ಣ ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದು ಹೇಳಿದ:

“ಹಂಗಾದ್ರೆ ತಾಂಬೂಲನ ಆ ತಮ್ಮನ ಕೈಲೇ ಕೊಡ್ಸಿ. ಅವ್ರು ಕೊಟ್ರೆ ತಗೋತೀನಿ, ಇಲ್ದಿದ್ರೆ ಎದ್ದು ಹೋಗ್ತೀನಿ.”

ಇನ್ನೊಬ್ಬನಾಗಿದ್ದರೆ ಹೆಂಡತಿಯನ್ನು ಕಳಿಸುತ್ತಿದ್ದ. ಗಂಗಣ್ಣ ತಾನೇ ಹೋದ. ತಮ್ಮನ ಕೊಟ್ಟಿಗೆಯ ಮುಂದೆ ನಿಂತು, ನಡೆದದ್ದನ್ನೆಲ್ಲ ಹೇಳಿ, ನನಗಾಗಿ ಬೇಡ, ಮಗುವಿಗಾಗಿ ಬಾ ಎಂದ. ಪಿಳ್ಳಪ್ಪ ಎತ್ತಿಗೆ ಹುಲ್ಲು ಹಾಕುತ್ತಲೇ ಇದ್ದ, ತಿರುಗಿಯೂ ನೋಡಲಿಲ್ಲ. ಗಂಗಣ್ಣ ಬಂದ ದಾರಿಗೆ ಸುಂಕವಿಲ್ಲ ಎಂದು ವಾಪಸಾದ.

ನೆಂಟರು ಟವೆಲು ಕೊಡವಿಕೊಂಡು ಎದ್ದಿದ್ದರು. ಆಗ ಪಿಳ್ಳಪ್ಪ ಮಡಿ ಪಂಚೆ ಉಟ್ಟು ಬಂದ. ತಲೆಗೆ ರುಮಾಲು ಸುತ್ತಿರಲಿಲ್ಲ, ಹಳೆಯ ಗಾಯದ ಗುರುತು ಎಲ್ಲರಿಗೂ ಕಾಣುತ್ತಿತ್ತು. ಅತ್ತಿಗೆಯ ಕೈಯಿಂದ ತಟ್ಟೆ ಇಸಿದುಕೊಂಡು ಅಪ್ಪಯ್ಯಣ್ಣನ ಮುಂದೆ ಹಿಡಿದ.

“ನಮ್ಮಣ್ಣನ ಮಗಳು. ತಗೊಳ್ಳಿ.”

ಗಂಗಣ್ಣ ಎಲ್ಲರೆದುರೂ ಅತ್ತುಬಿಟ್ಟ. ಹಾರ ಬಿದ್ದ ದಿನ ಬಿಡುಗಡೆಯಾಯಿತು ಅನ್ನಿಸಿರಲಿಲ್ಲ, ಇವತ್ತು ಅನ್ನಿಸಿತು ಎಂದು ಆಮೇಲೆ ಹೆಂಡತಿಗೆ ಹೇಳಿದನಂತೆ.