ಗಾದಿ ಚಾಚಾರ ನಿಯ್ಯತ್ತು

ಗಾದಿ ಚಾಚಾ ಬೀದಿಯ ಅರ್ಧ ಜನರನ್ನು ಮುಖಕ್ಕಿಂತ ಚೆನ್ನಾಗಿ ಬೆನ್ನಿನಿಂದ ಬಲ್ಲವರು. ಹಳೆಯ ಗಾದಿ, ಅಂದರೆ ಹತ್ತಿಯ ಹಾಸಿಗೆ, ಅವರ ಅಂಗಡಿಗೆ ರಿಪೇರಿಗೆ ಬಂದರೆ ಸಾಕು, ಮೇಲೆ ಒಮ್ಮೆ ಕೈಯಾಡಿಸಿ, "ಯಜಮಾನರು ಗೋಡೆ ಕಡೆ ತಿರುಗಿ ಮಲಗ್ತಾರೆ, ಅಲ್ವಾ?" ಎನ್ನುತ್ತಿದ್ದರು. ಯಾವ ಮನೆಯಲ್ಲಿ ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆಂಬುದೂ ಅವರಿಗೆ ತಿಳಿಯುತ್ತಿತ್ತು. ಅಂಥ ಹಾಸಿಗೆಗೆ ಎರಡು ಅಂಚಿನಲ್ಲೂ ತಗ್ಗು, ನಡುವೆ ದಿಬ್ಬ. ಆದರೆ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಗೊತ್ತಿರುವುದನ್ನೆಲ್ಲ ಹೇಳುವವನ ಅಂಗಡಿಗೆ ಗಿರಾಕಿ ಎರಡನೇ ಸಲ ಕಾಲಿಡುವುದಿಲ್ಲ.

ಊರಿಗೆಲ್ಲ ನಿದ್ದೆ ಹೊಲಿದುಕೊಟ್ಟ ಈ ಮನುಷ್ಯನಿಗೆ ನಿದ್ದೆ ಮಾತ್ರ ಹತ್ತಿರ ಸುಳಿಯುತ್ತಿರಲಿಲ್ಲ. ಹತ್ತಿಯ ಧೂಳು ಎದೆಗಿಳಿದು, ಮಲಗಿದರೆ ಕೆಮ್ಮು, ಕೂತರೆ ತೂಕಡಿಕೆ. ಹಗಲೆಲ್ಲ ಹತ್ತಿ ಹಿಂಜುವ ಯಂತ್ರದ ಗಲಾಟೆ. ಅದು ನಿಂತ ಮೇಲೆ ಮನೆಯಲ್ಲಿ ಮಗ ಸೊಸೆಯರ ಗಲಾಟೆ. ಯಂತ್ರಕ್ಕಾದರೂ ಒಂದು ಗುಂಡಿಯಿದೆ, ಒತ್ತಿದರೆ ನಿಲ್ಲುತ್ತದೆ ಎಂದು ಚಾಚಾ ಹೇಳುವುದಿತ್ತು.

ಇಂಥವರಿಗೆ ಈ ವರ್ಷ ಹಜ್ ಯಾತ್ರೆಗೆ ಹೋಗುವ ಸರದಿ ಬಂತು. ಬೀದಿಯೇ ಬಂದು ಕೈಕುಲುಕಿತು. ಪಕ್ಕದ ಪಾತ್ರೆ ಅಂಗಡಿಯವರು ಹೋದ ವರ್ಷ ಹೋಗಿ ಬಂದಿದ್ದರು. ಈಗ ಅವರು ಪಾತ್ರೆ ಹಾಜಿ. ಅಂಗಡಿಯ ಬೋರ್ಡಿಗೆ ‘ಹಾಜಿ’ ಎಂದು ಸೇರಿಸಲು ಪೇಂಟರ್ ಬಂದದ್ದು ಅವರು ವಿಮಾನ ಇಳಿಯುವ ಮೊದಲೋ ಆಮೇಲೋ ಎಂಬ ಬಗ್ಗೆ ಬೀದಿಯಲ್ಲಿ ಇಂದಿಗೂ ಎರಡು ಅಭಿಪ್ರಾಯವಿದೆ.

"ಚಾಚಾ, ನಿಮ್ಮ ಬೋರ್ಡಲ್ಲಿ ಜಾಗ ಎಲ್ಲಿದೆ? ಮೊದಲೇ ದಿಂಬಿನ ಚಿತ್ರ ದೊಡ್ಡದಾಗಿ ಬರೆಸಿಬಿಟ್ಟಿದ್ದೀರಿ," ಎಂದರು ಪಾತ್ರೆ ಹಾಜಿ.

"ದಿಂಬು ಇರ್ಲಿ ಬಿಡಿ. ಜನ ದಿಂಬು ನೋಡಿ ಬರ್ತಾರೆ, ನನ್ನ ನೋಡಿ ಅಲ್ಲ," ಎಂದರು ಚಾಚಾ.

ಹೆಸರಿನ ಆಸೆ ಅವರಿಗೆ ನಿಜವಾಗಿಯೂ ಇರಲಿಲ್ಲ. ಇದ್ದದ್ದು ಬೇರೆ ಆಸೆ. ಅದನ್ನು ಮೊದಲು ಪತ್ತೆಹಚ್ಚಿದವರು ಚಾಚಿ. ಅವರು ತಮ್ಮ ಅಣ್ಣನ ಜೊತೆ ಹಿಂದೆಯೇ ಹಜ್ ಮುಗಿಸಿ ಬಂದಿದ್ದರಿಂದ ಈ ವಿಷಯದಲ್ಲಿ ಮನೆಯ ಹಿರಿಯರು ಅವರೇ. ಚಾಚಾ ಪೆಟ್ಟಿಗೆಗೆ ಚಿಕ್ಕದೊಂದು ದಿಂಬು ತುರುಕುತ್ತಿದ್ದುದನ್ನು ನೋಡಿ ಅವರು ಬಾಗಿಲಲ್ಲೇ ನಿಂತರು.

"ಏನ್ರೀ ಇದು?"

"ಪ್ರಯಾಣಕ್ಕೆ."

"ನಿಮ್ಮ ನಿಯ್ಯತ್ತು, ಒಳಗಿನ ಉದ್ದೇಶ, ನಂಗೊತ್ತು. ಇಲ್ಲಿ ಯಾರೂ ಮಲಗೋಕೆ ಬಿಡಲ್ಲ, ಅಲ್ಲಾದ್ರೂ ಹೋಗಿ ಮಲಗೋಣ ಅಂತ. ಅಲ್ಲಿ ಕಾಲು ಚಾಚೋಕೂ ಜಾಗ ಇರಲ್ಲ, ಹೇಳಿರ್ತೀನಿ. ನಡೆದೂ ನಡೆದೂ ನನ್ನ ಚಪ್ಪಲಿನೇ ಮಾಫಿ ಕೇಳ್ತು."

ಚಾಚಾ ನಕ್ಕರು. ಆದರೆ ಆ ಮಾತು ಒಳಗೆ ಮುರಿದ ಸೂಜಿಯ ಹಾಗೆ ಉಳಿದುಕೊಂಡಿತು.

ಯಾತ್ರಿಕರಿಗೆ ಪಾಠ ನಡೆಯುತ್ತಿದ್ದ ಸಭಾಂಗಣದಲ್ಲಿ ಅದು ಚುಚ್ಚತೊಡಗಿತು. ಇಹ್ರಾಮಿನ ಹೊಲಿಗೆಯಿಲ್ಲದ ಬಿಳಿ ಬಟ್ಟೆ ಉಡುವುದು ಹೇಗೆ, ಗುಂಪಿನಲ್ಲಿ ತಪ್ಪಿಸಿಕೊಂಡರೆ ಏನು ಮಾಡಬೇಕು ಎಂಬುದೆಲ್ಲ ಮುಗಿದ ಮೇಲೆ ಮೌಲಾನಾ ಹೇಳಿದರು: "ನಿಮ್ಮ ಪೆಟ್ಟಿಗೆ ತೂಕ ವಿಮಾನದವರು ನೋಡ್ತಾರೆ. ನಿಯ್ಯತ್ತಿನ ತೂಕ ನೀವೇ ನೋಡ್ಕೋಬೇಕು. ಯಾಕೆ ಹೋಗ್ತಿದ್ದೀರಿ? ಹೆಸರಿಗೋ, ಊರು ನೋಡೋಕೋ, ಅಲ್ಲಾಹನಿಗೋಸ್ಕರವೋ?"

"ಅಲ್ಲಾಹನಿಗೋಸ್ಕರ," ಎಂದು ಸಭೆ ಒಂದೇ ದನಿಯಲ್ಲಿ ಹೇಳಿತು. ಚಾಚಾರ ತುಟಿಯೂ ಅಲ್ಲಾಡಿತು. ಹೊಸ ಗವಸಿನೊಳಗೆ ಹಳೆಯ ಹತ್ತಿ ತುಂಬಿ ಬಾಯಿ ಹೊಲಿದ ಹಾಗೆ ಅನ್ನಿಸಿತು ಅವರಿಗೆ. ಎಷ್ಟೋ ಅಂಗಡಿಯವರು ಮಾಡುವ ಆ ಕೆಲಸವನ್ನು ಅವರು ಜೀವಮಾನದಲ್ಲಿ ಮಾಡಿದವರಲ್ಲ. ಗಿರಾಕಿಗೆ ಮಾಡದ್ದನ್ನು ದೇವರಿಗೆ ಮಾಡುವುದೇ?

ಎಲ್ಲರೂ ಎದ್ದು ಹೋದ ಮೇಲೆ ಚಾಚಾ ಹಿಂದೆ ಉಳಿದರು.

"ಮೌಲಾನಾ, ಒಬ್ಬ ಮನುಷ್ಯ ಸುಸ್ತಾಗಿದ್ರೆ ಹಜ್‌ಗೆ ಹೋಗಬಹುದಾ?"

"ಯಾಕೆ ಹೋಗಬಾರದು? ಸುಸ್ತಾಗದವರು ಯಾರಿದ್ದಾರೆ?"

"ಅಲ್ಲ. ಸುಸ್ತಾಗಿದೆ ಅಂತಾನೇ ಹೊರಟ್ರೆ? ಮನೆ, ಅಂಗಡಿ ಎಲ್ಲ ಬಿಟ್ಟು ಸ್ವಲ್ಪ ದಿನ ತಪ್ಪಿಸ್ಕೊಳ್ಳೋಣ ಅಂತ?"

ಮೌಲಾನಾ ಕನ್ನಡಕ ತೆಗೆದು ಒರೆಸಿದರು. "ಯಾರು ಆ ಮನುಷ್ಯ?"

"ನಮ್ಮ ಬೀದಿಯವನೇ ಒಬ್ಬ."

"ಅವರಿಗೆ ಹೇಳಿ, ಹೊರಡೋಕೆ ಇನ್ನೂ ಸಮಯ ಇದೆ, ಮನಸ್ಸು ಸರಿ ಮಾಡ್ಕೊಳ್ಳಿ ಅಂತ. ಯಾರ ಹತ್ರ ಮಾಫಿ ಕೇಳೋದು ಬಾಕಿ ಇದೆಯೋ ಅಲ್ಲಿಂದ ಶುರು ಮಾಡ್ಲಿ."

ಹಜ್‌ಗೆ ಹೊರಡುವವರು ಬಂಧುಬಳಗ, ನೆರೆಹೊರೆಯವರ ಮನೆಗೆ ಹೋಗಿ, ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸಿ ಎಂದು ಕೇಳುವುದು ವಾಡಿಕೆ. ಚಾಚಾ ಬೀದಿಯ ಒಂದು ತುದಿಯಿಂದ ಹೊರಟರು. ಎಲ್ಲ ಕಡೆಯೂ "ಅಯ್ಯೋ, ನಿಮಗೆ ಎಂಥ ಮಾಫಿ ಚಾಚಾ! ನಮಗೋಸ್ಕರ ದುವಾ ಮಾಡಿ, ಅಷ್ಟು ಸಾಕು," ಎಂದರು. ಸರಕು ಬಿಚ್ಚಿ ನೋಡದೆಯೇ ಒಪ್ಪಿಕೊಳ್ಳುವ ಗಿರಾಕಿಯನ್ನು ಕಂಡರೆ ಅನುಭವಸ್ಥ ವ್ಯಾಪಾರಿಗೆ ಖುಷಿಗಿಂತ ಅನುಮಾನವೇ ಹೆಚ್ಚು. ಇಷ್ಟು ಸಲೀಸಾಗಿ ಸಿಕ್ಕ ಮಾಫಿ ಚಾಚಾರಿಗೆ ರುಚಿಸಲಿಲ್ಲ.

ಕೊನೆಗೆ ಉಳಿದದ್ದು ಅಕ್ಕನ ಮನೆ. ಚಾಚಾ ಆಕೆಯನ್ನು ಆಪಾ ಎಂದು ಕರೆಯುವುದು. ಗಂಡ ತೀರಿಕೊಂಡ ಮೇಲೆ ಆಪಾ ಟೈಲರಿಂಗ್ ಮಾಡಿಕೊಂಡು, ಹಾಸಿಗೆ ಹಿಡಿದು, ಒಮ್ಮೊಮ್ಮೆ ಮಕ್ಕಳ ಗುರುತೂ ಮರೆಯುವ ತಾಯಿಯನ್ನು, ಅಮ್ಮಿಯನ್ನು, ತಾವೊಬ್ಬರೇ ನೋಡಿಕೊಳ್ಳುತ್ತಿದ್ದರು. ಚಾಚಾ ಶುಕ್ರವಾರ ನಮಾಜು ಮುಗಿಸಿ ಬಂದು, ಕುರ್ಚಿಯಲ್ಲಿ ಕೂತು, ಚಹಾ ಕುಡಿದು, ಔಷಧಿ ತಲೆದೆಸೆಯಲ್ಲಿಟ್ಟು ಏಳುತ್ತಿದ್ದರು. ಅಂಗಡಿ ಬಿಡೋಕಾಗಲ್ಲ ಎನ್ನುವ ಮಾತು ಎಷ್ಟು ಹಳೆಯದಾಗಿತ್ತೆಂದರೆ, ಈಗೀಗ ಅವರು ಬಾಯಿ ತೆರೆಯುವ ಮೊದಲೇ ಆಪಾ ಅದನ್ನು ಹೇಳಿ ಮುಗಿಸುತ್ತಿದ್ದರು.

"ಆಪಾ, ಮಾಫಿ ಕೇಳೋಕೆ ಬಂದೆ."

ಆಪಾ ಹೊಲಿಗೆ ಯಂತ್ರ ನಿಲ್ಲಿಸಲಿಲ್ಲ. "ಕೊಡಲ್ಲ."

ಚಾಚಾ ತಮಾಷೆ ಅಂದುಕೊಂಡು ಕೂತರು. ಯಂತ್ರ ನಿಂತಿತು.

"ನೀನು ತಿಂಗಳುಗಟ್ಟಲೆ ಅಂಗಡಿ ಬಿಟ್ಟು ಹೋಗ್ತಿದ್ದೀಯ. ಹೋಗು, ಫರ್ಜ್ ಅದು, ಮಾಡಲೇಬೇಕಾದ್ದು, ಬೇಡ ಅನ್ನಲ್ಲ. ಆದರೆ ಅಂಗಡಿ ಬಿಡೋಕಾಗುತ್ತೆ ಅಂತ ಇವತ್ತು ಗೊತ್ತಾಯ್ತು ನೋಡು. ನಾನು ಹಿಂದಿನ ಬೀದಿ ಮದುವೆಗೂ ಹೋಗಿಲ್ಲ ಕಣೋ. ಬಾಯಿ ಮಾತಿನ ಮಾಫಿ ನನ್ನ ಹತ್ರ ಇಲ್ಲ. ಹೊರಡೋವರೆಗೂ ದಿನಾ ಬಂದು ಅಮ್ಮಿನ ನೋಡ್ಕೋ. ಆಮೇಲೆ ಮಾತು."

ಹೊರಡುವ ಮೊದಲು ನೂರೆಂಟು ಕೆಲಸಗಳಿದ್ದವು. ಅದನ್ನೇ ಹೇಳಲು ಬಾಯಿ ತೆರೆದ ಚಾಚಾ, ಅಕ್ಕನ ಕಣ್ಣ ಕೆಳಗಿನ ಕಪ್ಪು ನೋಡಿ, "ನಾಳೆಯಿಂದ ಬರ್ತೀನಿ," ಎಂದರು. ತಮ್ಮ ಸುಸ್ತನ್ನೇ ದೊಡ್ಡದೆಂದು ಹೊತ್ತು ತಿರುಗುತ್ತಿದ್ದವರಿಗೆ ಇಲ್ಲಿ ಅದರ ಅಪ್ಪನಂಥದ್ದು ಕೂತಿತ್ತು.

ಮರುದಿನ ಬಂದರು. ಅಮ್ಮಿಯ ಮಗ್ಗುಲು ಬದಲಿಸಲು ಮೊದಲ ಬಾರಿಗೆ ಬೆನ್ನಡಿ ಕೈ ಹಾಕಿದರು. ಕೈ ಅಲ್ಲೇ ನಿಂತಿತು.

ಕೈಗೆ ಹತ್ತಿ ಸಿಗಲಿಲ್ಲ, ಗಂಟುಗಳು ಸಿಕ್ಕವು. ಸೊಂಟದ ಜಾಗದಲ್ಲಿ ಹಾಸಿಗೆ ಬಟ್ಟೆಯಷ್ಟೇ ತೆಳ್ಳಗಾಗಿ ಕೆಳಗಿನ ಹಲಗೆ ತಾಗುತ್ತಿತ್ತು. ಊರವರ ಹಾಸಿಗೆಗೆಲ್ಲ ಹಸ್ತ ಓದಿದ ಹಾಗೆ ಭವಿಷ್ಯ ಹೇಳುತ್ತಿದ್ದವರು, ಅಮ್ಮಿಯ ಹಾಸಿಗೆ ಪಕ್ಕದಲ್ಲಿ ಅಷ್ಟೊಂದು ಶುಕ್ರವಾರ ಕುರ್ಚಿ ಹಾಕಿಕೊಂಡು ಕೂತಿದ್ದರು. ಒಮ್ಮೆಯೂ ಅದರ ಮೇಲೆ ಕೈಯಾಡಿಸಿರಲಿಲ್ಲ.

"ಆಪಾ, ಒಂದು ಮಾತು ಹೇಳಬಾರದಿತ್ತಾ?"

"ಹಾಸಿಗೆ ಅಂಗಡಿಯವನಿಗೆ ಹಾಸಿಗೆ ಬೇಕು ಅಂತ ನಾನು ಹೇಳ್ಬೇಕಿತ್ತಾ?" ಎಂದರು ಆಪಾ. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅದಕ್ಕೂ ಶಕ್ತಿ ಬೇಕಲ್ಲ.

ಚಾಚಾ ಅಂಗಡಿಯಿಂದ ಸಿದ್ಧ ಹಾಸಿಗೆ ಹೊರಿಸಿ ತರಬಹುದಿತ್ತು. ತರಲಿಲ್ಲ. ಒಳ್ಳೆಯ ಅರಳೆಯನ್ನು ತಾವೇ ಆರಿಸಿ ಹಿಂಜಿ ತಂದರು. ಅಂಗಳದಲ್ಲಿ ಗವಸು ಹರಡಿ, ಕೆಮ್ಮುತ್ತಾ ತುಂಬಿದರು. ಸೊಂಟ ಬರುವಲ್ಲಿ ಒಂದು ಹಿಡಿ ಹೆಚ್ಚು, ಹಿಮ್ಮಡಿಯ ಕಡೆ ಮೆತ್ತಗೆ. ನಡುನಡುವೆ ಅಮ್ಮಿಗೆ ಗಂಜಿ, ಬಟ್ಟೆ ಬದಲಿ, ಮತ್ತೆ ದಬ್ಬಣ. ತಪ್ಪಿಸಿಕೊಳ್ಳಬೇಕೆಂದಿದ್ದ ಕೆಲಸವೆಲ್ಲ ಇಮ್ಮಡಿಯಾಗಿ ಬಂದು ತೊಡೆಯ ಮೇಲೆ ಕೂತಿತ್ತು. ಬೆನ್ನು ಬಿದ್ದುಹೋಯಿತು. ಆದರೆ ಆ ದಿನಗಳಲ್ಲಿ ಪೆಟ್ಟಿಗೆಯ ದಿಂಬಿನ ನೆನಪು ಅವರಿಗೆ ಬರಲಿಲ್ಲ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಕೊನೆಯ ಹೊಲಿಗೆ ಹಾಕಿ ಹಾಸಿಗೆಯನ್ನು ಮಂಚಕ್ಕೆ ಏರಿಸಿದರು. ಅಮ್ಮಿಯನ್ನು ಬೆಂಚಿನ ಮೇಲೆ ತಮ್ಮ ಭುಜಕ್ಕೆ ಒರಗಿಸಿಕೊಂಡು ಕೂತು ಹೇಳಿದರು: "ಆಪಾ, ನಾನು ಬಂದ ಮೇಲೆ ಅಮ್ಮಿ ನಮ್ಮನೇಲಿರ್ಲಿ. ನಮ್ಮನೆಯವಳೂ ಒಪ್ಪಿದ್ದಾಳೆ."

"ಅಲ್ಲಿಂದ ಬಂದವರೆಲ್ಲ ಒಂದು ವಾರ ಒಳ್ಳೆಯವರಾಗೇ ಇರ್ತಾರೆ," ಎಂದರು ಆಪಾ. "ತಾಳು, ಮೊದಲು ನಾನು ಮಲಗಿ ನೋಡ್ತೀನಿ, ಗಂಟುಗಿಂಟು ಇದ್ರೆ ಈಗಲೇ ಬಿಚ್ಚಿಸ್ತೀನಿ."

ಮಲಗಿದರು. ಒಂದು ಮಗ್ಗುಲಾದರು. "ತಲೆ ಕಡೆ ಸ್ವಲ್ಪ..." ಎಂದರು. ಮಾತು ಮುಗಿಯಲಿಲ್ಲ, ನಿದ್ದೆ ಬಂದುಬಿಟ್ಟಿತ್ತು.

ಅಮ್ಮಿ ಭುಜದಿಂದ ತಲೆಯೆತ್ತಿ ನೋಡಿದರು. "ನೀನು ಯಾರಪ್ಪಾ?"

"ಹಾಸಿಗೆಯವನು, ಅಮ್ಮಿ."

"ಇನ್ನೂ ಯಾಕೆ ಕೂತಿದ್ದೀಯ? ಮನೆಗೆ ಹೋಗಲ್ವಾ?"

"ನಾಳೆ ಹಜ್‌ಗೆ ಹೋಗ್ತಿದ್ದೀನಿ."

"ಯಾಕೆ?"

ಸಭಾಂಗಣದಲ್ಲಿ ಎಲ್ಲರ ಜೊತೆ ಹೇಳಿದ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಚಾಚಾ ಅದನ್ನು ನುಂಗಿಕೊಂಡರು.

"ಇಲ್ಲಿಂದ ತಪ್ಪಿಸ್ಕೊಳ್ಳೋಣ ಅಂತ ಹೊರಟಿದ್ದೆ ಅಮ್ಮಿ. ಈಗ ತಪ್ಪಿಸ್ಕೋಬೇಕು ಅನ್ನಿಸ್ತಿಲ್ಲ. ಆದರೂ ಹೋಗ್ಬೇಕು ಅನ್ನಿಸ್ತಿದೆ. ಅವನು ಕರೆದಿದ್ದಾನೆ, ಅಷ್ಟೇ."

"ಹಾಗಿದ್ರೆ ಹೋಗು," ಎಂದರು ಅಮ್ಮಿ. "ಹೋಗ್ತಾ ಬಾಗಿಲು ಎಳ್ಕೊಂಡು ಹೋಗು, ಬೆಕ್ಕು ಬರುತ್ತೆ."

ಚಾಚಾ ಏಳಲಿಲ್ಲ. ಎದ್ದರೆ ಅಮ್ಮಿಯನ್ನು ಮಲಗಿಸಲು ಆಪಾರನ್ನು ಎಬ್ಬಿಸಬೇಕಾಗುತ್ತಿತ್ತು. ಮಾಫಿಯ ವಿಷಯ ಆಕೆ ಹೇಳಿಯೇ ಇರಲಿಲ್ಲ. ಎದ್ದ ಮೇಲೆ ಹೇಳಬಹುದು, ಹೇಳದೆಯೂ ಇರಬಹುದು. ಅಕ್ಕ ಬಾಯಿ ಅಗಲಿಸಿ ಗೊರಕೆ ಹೊಡೆಯುತ್ತಿದ್ದರು. ಅಮ್ಮಿಯ ತಲೆಯ ಭಾರಕ್ಕೆ ಭುಜ ಜೋಮು ಹಿಡಿದಿತ್ತು. ಚಾಚಾ ಕೆಮ್ಮು ಬಂದಾಗಲೆಲ್ಲ ಬಾಯಿಗೆ ಟೋಪಿ ಅಡ್ಡ ಹಿಡಿದು, ಸದ್ದಾಗದಂತೆ ಕೂತೇ ಇದ್ದರು.