ಎದುರಿನವರ ಮಾತು ಮೊದಲು

ಹೊಳೆಯಾಚೆಯ ಬೆಂಗ್ರೆಯಿಂದ ಫೆರ್ರಿ ಹತ್ತಿ ಬಂದರಿನಲ್ಲಿ ಇಳಿದರೆ ಮಾಮನ ಪ್ಲಾಸ್ಟಿಕ್ ಸಾಮಾನಿನ ಅಂಗಡಿ ಹತ್ತಿರವೇ. ಪಿಯುಸಿ ಮುಗಿದ ಮೇಲೆ ನಾನು ಅಲ್ಲೇ ಕೂರುತ್ತಿದ್ದೆ. ಗಿರಾಕಿಗಳಿಲ್ಲದಾಗ ಫೋನಿನಲ್ಲಿ ಫಿಲಾಸಫಿ ಪಾಠ ಕೇಳುವುದು ಹೇಗೋ ಅಭ್ಯಾಸವಾಯಿತು. ಗ್ರೀಕರು, ಬೌದ್ಧರು, ಅರಬರು, ಯಾರು ಸಿಕ್ಕಿದರೂ ಸರಿ. ಈ ಬಕೆಟು ನಿಜವಾಗಿ ಇದೆಯೇ ಎಂದು ನಾನು ಯೋಚಿಸುತ್ತಿದ್ದರೆ, ಬಂದವರಿಗೆ ಅದರಲ್ಲಿ ನೀಲಿ ಬಣ್ಣ ಇದೆಯೇ ಎಂದಷ್ಟೇ ಬೇಕಿತ್ತು.

ನನಗೆ ಗೊತ್ತಿದ್ದ ಹಾಗೆ, ಬೆಳಗಿನ ಹೊತ್ತು ಬಿ.ಎ.ಗೆ ಫಿಲಾಸಫಿ ಕಲಿಸುತ್ತಿದ್ದ ಕಾಲೇಜು ಊರಿನಲ್ಲಿ ಒಂದೇ ಉಳಿದಿತ್ತು. ಅಲ್ಲಿನ ಸರ್ ಶನಿವಾರದ ಕ್ಲಾಸಿಗೆ ಹೊರಗಿನವರನ್ನೂ ಬಿಡುತ್ತಿದ್ದರು. ಹಾಗೆ ನಾನೂ ಹಿಂದಿನ ಬೆಂಚಿಗೆ ಸೇರಿಕೊಂಡೆ. ಜೂನಿನಲ್ಲಿ ನಿಜವಾದ ವಿದ್ಯಾರ್ಥಿಯಾಗುವ ಆಸೆ ಹೇಳಿದಾಗ ಮಾಮ ಕ್ಯಾಲ್ಕುಲೇಟರ್ ಪಕ್ಕಕ್ಕಿಟ್ಟರು.

"ಅದನ್ನು ಓದಿ ಎಂತ ಮಾಡ್ಲಿಕ್ಕೆ ಉಂಟು?"

"ಗೊತ್ತಿಲ್ಲ ಮಾಮ."

"ಗೊತ್ತಿಲ್ಲ ಅಂತ ಹೇಳ್ಲಿಕ್ಕೂ ಮೂರು ವರ್ಷ ಓದ್ಬೇಕಾ?" ಎಂದು ನಕ್ಕರು. ಕೊನೆಗೆ ಒಪ್ಪಿದರು. ಬೆಳಿಗ್ಗೆ ಕಾಲೇಜು, ಮಧ್ಯಾಹ್ನದಿಂದ ಅಂಗಡಿ. ಅಲ್ಲಿ ಸೀಟು ಸಿಗದಿದ್ದರೆ ಕಡಲಾಚೆಯ ದಮ್ಮಾಮಿಗೆ, ಅಣ್ಣ ಇರುವ ಗೋದಾಮಿಗೆ. ಅದರ ಮೇಲೆ ಮಾತಿಲ್ಲ.

ಸರ್ ಅವರ ಕ್ಲಾಸಿಗೆ ಒಂದು ಕ್ರಮವಿತ್ತು. ಯಾರನ್ನಾದರೂ ವಿರೋಧಿಸುವ ಮೊದಲು ಅವರ ವಾದವನ್ನು ಪೂರ್ತಿ, ಅವರಿಗಿಂತ ಗಟ್ಟಿಯಾಗಿ ಹೇಳಬೇಕು. ಎದುರಿನವರು "ಹೌದು, ನಾನು ಹೇಳಿದ್ದು ಇದೇ" ಎಂದು ತಲೆಯಾಡಿಸಿದ ಮೇಲೆಯೇ ನಮ್ಮ ಉತ್ತರ. ನಮ್ಮ ಹಳೆಯ ಶಾಸ್ತ್ರಕಾರರ ಪೂರ್ವಪಕ್ಷ ಇದೇ ಎನ್ನುತ್ತಿದ್ದರು. ಅರಬರಲ್ಲೂ ಎದುರಾಳಿಯ ಮತವನ್ನು ಮೊದಲು ಪುಸ್ತಕ ಮಾಡಿ, ಆಮೇಲೆ ಖಂಡಿಸಿದವರಿದ್ದರಂತೆ. ಮಣ್ಣಗುಡ್ಡದಿಂದ ಬರುತ್ತಿದ್ದ ಭಟ್ಟರ ಮಗಳೊಬ್ಬಳಿಗೆ ಒಂದು ಸಲ ಚಾರ್ವಾಕರ ಪಕ್ಷ ಬಂತು. ಸತ್ತವರಿಗೆ ಪಿಂಡ ಇಟ್ಟು ಏನೂ ಪ್ರಯೋಜನವಿಲ್ಲ ಎಂದು ಅವಳು ಎಷ್ಟು ಚೆನ್ನಾಗಿ ವಾದಿಸಿದಳೆಂದರೆ ಆಮೇಲೆ ಅವಳಿಗೇ ಹೆದರಿಕೆಯಾಯಿತು. "ನಮ್ಮಪ್ಪ ನಿಮ್ಮ ಅಂಗಡಿಗೆ ಬಂದ್ರೆ ಬಾಯಿ ಬಿಡ್ಬೇಡ ಮಾರಾಯ" ಎಂದಳು.

ಮೇ ತಿಂಗಳಲ್ಲಿ, ವಿದ್ಯಾರ್ಥಿಗಳು ಕಡಿಮೆ ಇರುವ ವಿಭಾಗಗಳನ್ನು ಮುಚ್ಚುವ ಮಾತು ಬಂತು. ಒಂದು ಶುಕ್ರವಾರ ಸಂಜೆ ಕಾಲೇಜಿನ ಸಭಾಂಗಣದಲ್ಲಿ ಸಭೆ. ಪ್ರತಿ ವಿಭಾಗಕ್ಕೂ ಮಾತಾಡಲು ಹತ್ತು ನಿಮಿಷ, ಮುಗಿದರೆ ಗಂಟೆ. ಫ್ಯಾನುಗಳು ತಿರುಗುತ್ತಿದ್ದರೂ ಎಲ್ಲರ ಅಂಗಿ ಬೆನ್ನಿಗೆ ಅಂಟಿತ್ತು. ಆಡಳಿತ ಮಂಡಳಿಯ ಕಾರ್ಯದರ್ಶಿ ಎದ್ದು, ಮಕ್ಕಳು ಬರುತ್ತಿಲ್ಲ, ಕೆಲಸ ಸಿಗುವುದಿಲ್ಲ, ಆ ಕೋಣೆ ಕಂಪ್ಯೂಟರ್ ಲ್ಯಾಬಿಗೆ ಬೇಕು ಎಂದಷ್ಟೇ ಹೇಳಿ ಕುಳಿತರು.

ಸರ್ ಮೈಕಿನ ಮುಂದೆ ನಿಂತರು. ಮೊದಲು ಕಾರ್ಯದರ್ಶಿಯವರ ವಾದವನ್ನು ಎತ್ತಿಕೊಂಡರು. ಮನೆಯಲ್ಲಿ ಮೊದಲ ಸಲ ಡಿಗ್ರಿ ಓದುವ ಹುಡುಗಿಯ ಮೂರು ವರ್ಷ ಎಂದರೆ ಏನು, ಅವಳ ಅಮ್ಮ ಮೀನು ಮಾರಿ ಕಾಯುವುದು ಯಾವುದಕ್ಕೆ, ಆ ಮನೆಗೆ ನಾವು ಕೊಡುವ ಭರವಸೆಯಾದರೂ ಏನು ಎಂದು ಒಂದೊಂದನ್ನೇ ಬಿಡಿಸಿ ಹೇಳಿದರು. ಮುಂದಿನ ಸಾಲಿನ ತಾಯಿಯೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದೆ, ಸರ್ ನೋಡುತ್ತಿರಲಿಲ್ಲ.

ಆಮೇಲೆ ಸರ್, ಕ್ಲಾಸಿನಲ್ಲಿ ತಿರುಗುವ ಹಾಗೆಯೇ, ಕಾರ್ಯದರ್ಶಿಯ ಕಡೆಗೆ ತಿರುಗಿದರು. "ನಿಮ್ಮ ವಾದ ಇದೇ ಅಲ್ವಾ? ಎಂತದ್ದಾದ್ರೂ ಬಿಟ್ಟೆನಾ?"

"ಇಲ್ಲ ಸರ್," ಎಂದರು ಅವರು ಕೈ ಮುಗಿದು. "ನನಗಿಂತ ಚಂದ ಹೇಳಿದ್ರಿ."

ಸರ್ ಅವರ ಮುಖ ಅರಳಿತು. "ಈಗ ನನ್ನ ಉತ್ತರ..." ಎನ್ನುವಾಗ ಗಂಟೆ ಹೊಡೆಯಿತು. ಜನ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು, "ಅವರೇ ಎಲ್ಲ ಹೇಳಿದ ಮೇಲೆ ನಮಗಿನ್ನು ಎಂತ ಉಂಟು" ಎಂದು ಮುಂದಿನ ವಿಭಾಗವನ್ನು ಕರೆದರು. ಸರ್ ವೇದಿಕೆಯಿಂದ ಇಳಿದು ಬಂದರು. ಸಭೆ ಮುಗಿಯುವಾಗ ಮುಚ್ಚುವ ವಿಭಾಗಗಳಲ್ಲಿ ನಮ್ಮದನ್ನೇ ಮೊದಲು ಓದಿದರು.

ಹೊರಗೆ ಭಟ್ಟರ ಮಗಳು ಅಳುವ ಹಾಗಿದ್ದಳು. "ಸರ್, ಇವತ್ತೊಂದು ದಿನ ಆ ಕ್ರಮ ಬಿಡ್ಬಹುದಿತ್ತಲ್ಲ!"

"ಅವರ ಮಾತು ಅರ್ಧ ಹೇಳಿ ಗೆದ್ದಿದ್ರೆ ನಾಳೆ ಕ್ಲಾಸಲ್ಲಿ ಯಾವ ಮುಖದಲ್ಲಿ ನಿಲ್ಲುದು?"

"ನಾಳೆ ಕ್ಲಾಸೇ ಇಲ್ವಲ್ಲ ಸರ್."

ಸರ್ ಹೌದಲ್ಲ ಎಂಬ ಹಾಗೆ ಅವಳನ್ನು ನೋಡಿದರು. ನಂತರ ಸ್ಕೂಟರಿನ ಕೀಗಾಗಿ ಜೇಬು ತಡಕಾಡಿದರು. ಕೀ ಅವರ ಕೈಯಲ್ಲೇ ಇತ್ತು. ಉತ್ತರ ಏನಿತ್ತು ಸರ್ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಸ್ಕೂಟರು ಹೊರಟಿತ್ತು.

ಅಂಗಡಿಗೆ ಬಂದಾಗ ಮಾಮ ಶಟರ್ ಅರ್ಧ ಇಳಿಸಿದ್ದರು. ವಿಭಾಗ ಮುಚ್ಚಿದ್ದನ್ನು ಹೇಳಿದೆ. ಆಮೇಲೆ ನಾನೂ ಸರ್ ಅವರ ಕ್ರಮ ಬಿಡಲಿಲ್ಲ. ಅಣ್ಣ ಒಬ್ಬನೇ ಎಷ್ಟು ದಿನ ದುಡಿಯುವುದು, ಉಮ್ಮನ ಮಂಡಿ ನೋವು, ಗೋದಾಮಿನ ಆ ಕೆಲಸ ನನಗಾಗಿ ಕಾಯುವುದಿಲ್ಲ ಎಂದು ಮಾಮನ ಪಕ್ಷವನ್ನು ಪೂರ್ತಿ ಹೇಳಿದೆ. ಮಾಮ ಹೌದು ಹೌದು ಎಂದು ತಲೆಯಾಡಿಸಿದರು. ಗಂಟೆ ಬಾರಿಸುವವರು ಅಲ್ಲಿ ಯಾರೂ ಇರಲಿಲ್ಲ.

"ಈಗ ನಿಂದು ಹೇಳು," ಎಂದರು ಸ್ಟೂಲಿನ ಮೇಲೆ ಕೂತು. "ಕೇಳ್ತೇನೆ."

ಎಷ್ಟೋ ಪಾಠ ಕೇಳಿದ್ದೆ. ಒಂದೂ ಬಾಯಿಗೆ ಬರಲಿಲ್ಲ. "ನನಗೆ ಅಲ್ಲಿ ಕೂರ್ಲಿಕ್ಕೆ ಖುಷಿಯಾಗ್ತಿತ್ತು ಮಾಮ" ಎಂದೆ.

ಮಾಮ ಈ ಸಲ ನಗಲಿಲ್ಲ. "ಗೊತ್ತುಂಟು," ಎಂದರು. "ಆದ್ರೆ ಕೂರುವ ಜಾಗವೇ ಇಲ್ವಲ್ಲ ಮಾರಾಯ."

ಮರುದಿನ ಬೆಳಿಗ್ಗೆ ಪಾಸ್‌ಪೋರ್ಟಿಗೆ ಬೇಕಾದ ಕಾಗದಗಳನ್ನು ಹಿಡಿದು ಫೆರ್ರಿ ಹತ್ತಿದೆ. ಶನಿವಾರವಾದ್ದರಿಂದ, ಇಳಿದ ಮೇಲೆ ಕಾಲು ತಾನಾಗಿ ಕಾಲೇಜಿನ ದಾರಿಗೆ ತಿರುಗಿತು. ಸ್ವಲ್ಪ ದೂರ ನಡೆದು, ನಿಂತು, ವಾಪಸ್ ಬಂದೆ.